ಗಂಗಾಂಬಿಕೆ ಮೇಡಂ ಮತ್ತು ಇಬ್ಬರು ಹನುಮಕ್ಕಂದಿರು

ಗಂಗಾಂಬಿಕೆ ಮೇಡಂ ಬಸ್ಸಿನಲ್ಲಿ ಎರಡು ಟಿಕೆಟ್ ತಗೊಳ್ಳುತ್ತಿದ್ದರು. ಒಂದು ತಮಗೆ, ಇನ್ನೊಂದು ಐಸು ತುಂಬಿದ ಥರ್ಮೋಕೋಲ್ ಪೆಟ್ಟಿಗೆಗೆ. ಹೊಳಲ್ಕೆರೆ ಬಸ್ಸಿನಲ್ಲಿ ಕಾಲಿಡಲು ಜಾಗವಿಲ್ಲದಿದ್ದಾಗಲೂ, ನಿಂತ ಮುದುಕಿಗೆ ತಾವೇ ಎದ್ದು ಸೀಟು ಬಿಡುತ್ತಿದ್ದರೇ ಹೊರತು ಪೆಟ್ಟಿಗೆಯನ್ನು ಏಳಿಸುತ್ತಿರಲಿಲ್ಲ. ಕಂಡಕ್ಟರ್ ಗೊಣಗಿದರೆ, "ಅದರಾಗೆ ನಲವತ್ತು ಹೆಣ್ಮಕ್ಕಳು ಕುಂತವ್ರೆ ಕಣಪ್ಪ" ಅನ್ನುತ್ತಿದ್ದರು. ಅವನು ಮುಂದಕ್ಕೆ ಹೋಗುತ್ತಿದ್ದ.

ಅವರು ಹೊಸದುರ್ಗದ ಕಡೆಯವರು, ಬೆಂಗಳೂರಿನ ಒಂದು ಪ್ರಯೋಗಾಲಯದಲ್ಲಿ ವಿಜ್ಞಾನಿ. ಗರ್ಭಕೋಶದ ಬಾಯಿಗೆ ಕ್ಯಾನ್ಸರ್ ತರುವ ವೈರಸ್ಸಿನ ಬೆನ್ನು ಹತ್ತಿಯೇ ಆಯುಷ್ಯ ಕಳೆದವರು. ತೊಂಬತ್ತರ ದಶಕದ ಕೊನೆಗೆ ತಾಳ್ಯದ ಹತ್ತಿರದ ನಮ್ಮ ಹಳ್ಳಿಗೆ ಬಂದು ಹೆಂಗಸರನ್ನು ಪರೀಕ್ಷಿಸಿ, ಮಾದರಿಗಳನ್ನು ಆ ಪೆಟ್ಟಿಗೆಯಲ್ಲಿ ಒಯ್ಯುತ್ತಿದ್ದರು. ನಾನು ಅಲ್ಲಿ ನರ್ಸು. ನಾಚಿ ಹಿಂದೆ ಸರಿಯುವವರನ್ನು ಅವರು ಗದರುತ್ತಿರಲಿಲ್ಲ. "ಈ ವೈರಸ್ಸು ನೆಂಟರಿದ್ದಂಗೆ ಕಣ್ರವ್ವ. ಬಂದು ಹೋದರೆ ಚಿಂತಿಲ್ಲ. ಬೀಡು ಬಿಟ್ಟರೆ ಮನೆ ಕೆಡಿಸ್ತೈತೆ" ಅನ್ನುತ್ತಿದ್ದರು. ನೆಂಟರ ಕಾಟ ಗೊತ್ತಿದ್ದ ಹೆಂಗಸರು ನಕ್ಕು ಒಳಗೆ ಬರುತ್ತಿದ್ದರು.

ಫಾರಂ ತುಂಬುವುದು ನನ್ನ ಪಾಲು. ನಮ್ಮೂರಲ್ಲಿ ಕಲ್ಲೆಸೆದರೆ ಹನುಮಕ್ಕನಿಗೆ ಬೀಳುತ್ತೆ, ತಪ್ಪಿದರೆ ಹನುಮಂತಪ್ಪನಿಗೆ. ಅದಕ್ಕೇ ಗಂಡನ ಹೆಸರು ಬೇಕು. ಆದರೆ ಗಂಡನ ಹೆಸರನ್ನು ಬಾಯಲ್ಲಿ ಹೇಳುವ ಹೆಂಗಸು ಊರಲ್ಲಿ ಒಬ್ಬಳೂ ಇರಲಿಲ್ಲ. ಒಂದು ದಿನ ಇಬ್ಬರು ಹನುಮಕ್ಕಂದಿರು ಒಬ್ಬರ ಹಿಂದೊಬ್ಬರು ಬಂದರು. ಗಂಡನ ಹೆಸರು ಕೇಳಿದ್ದಕ್ಕೆ ಇಬ್ಬರೂ ಸೆರಗು ಬಾಯಿಗಿಟ್ಟು ಮುಗುಳ್ನಕ್ಕರು. ಊರೆಲ್ಲ ನನಗೆ ಗೊತ್ತು ಎಂಬ ಧಿಮಾಕಿನಲ್ಲಿ ನಾನು ಆ ಜಾಗ ಖಾಲಿ ಬಿಟ್ಟು, ಸಂಜೆ ಕುಂತು ನೆನಪಿನಿಂದ ತುಂಬಿದೆ.

ತಿಂಗಳಾದ ಮೇಲೆ ವರದಿ ಬಂತು: ರುದ್ರಪ್ಪನ ಹೆಂಡತಿ ಹನುಮಕ್ಕನಿಗೆ ವೈರಸ್ ಇದೆ, ಜೀವಕೋಶಗಳೂ ಕೆಡುತ್ತಿವೆ, ತಡ ಮಾಡಬೇಡಿ. ರುದ್ರಪ್ಪ ಅಳುತ್ತಲೇ ಅವಳನ್ನು ದೊಡ್ಡ ಆಸ್ಪತ್ರೆಗೆ ಕರೆದೊಯ್ದ. ಅಲ್ಲಿ ಎರಡು ಸಲ ನೋಡಿ, ಏನೂ ಇಲ್ಲ ಅಂದರು. ಊರಿಗೆ ಊರೇ ಹನುಮಪ್ಪನ ಮಹಿಮೆ ಅಂತ ತೆಂಗಿನಕಾಯಿ ಒಡೆಯಿತು. ನಾನೂ ಒಂದು ಒಡೆದೆ.

ಮುಂದಿನ ವಾರ ಬಂದ ಮೇಡಂಗೆ ಸಂತೋಷದಿಂದ ವಿಷಯ ಹೇಳಿದೆ. ಅವರು ಕೈಯಲ್ಲಿದ್ದ ಪೆಟ್ಟಿಗೆ ಕೆಳಗಿಟ್ಟರು.

"ಅದು ಹೋಗಿಲ್ಲ ಸಿಸ್ಟರ್. ಬೇರೆ ಯಾರದೋ ಮನೇಲಿ ಕುಂತೈತೆ."

ಫಾರಂ ತೆಗೆದು, ಗಂಡನ ಹೆಸರು ಯಾರು ಹೇಳಿದರು ಅಂತ ಕೇಳಿದರು. ನಾನೇ ಬರೆದೆ ಅಂದೆ. ಇಬ್ಬರ ಗಂಡಂದಿರನ್ನೂ ಅದಲುಬದಲು ಮಾಡಿದ್ದೆ. ಅವರು ಬೈಯಲಿಲ್ಲ. ಇನ್ನೊಬ್ಬ ಹನುಮಕ್ಕ ಎಲ್ಲಿ ಅಂದರು. ಕರಿಯಪ್ಪನ ಹೆಂಡತಿ ಮೆಕ್ಕೆಜೋಳದ ಹೊಲದಲ್ಲಿ ಕಳೆ ಕೀಳುತ್ತಿದ್ದಳು. ಸಂಜೆ ಬರುತ್ತಾಳೆ ಅಂದರೂ ಕೇಳದೆ, ಮಂಡಿನೋವಿದ್ದರೂ ಮೇಡಂ ಬದುವಿನ ಮೇಲೆ ನಡೆದೇ ಹೋಗಿ ಅವಳನ್ನು ಕರೆತಂದರು. ಹೊಸ ಮಾದರಿ ತೆಗೆದರು. ಆ ಕೆಟ್ಟ ವರದಿ ಅವಳದೇ. ಚಿಕಿತ್ಸೆ ಸಮಯಕ್ಕೆ ಸರಿಯಾಗಿ ಆಯಿತು.

ರುದ್ರಪ್ಪನ ಮನೆಗೂ ಹೋದರು. ಜಗಲಿಯ ಮೇಲೆ ಕುಂತು, "ತಪ್ಪು ನಂದು, ನಿಮ್ಮನ್ನ ಸುಮ್ನೆ ಹೆದರಿಸಿದೆ" ಅಂದರು. ಪಕ್ಕದಲ್ಲೇ ನಾನಿದ್ದೆ. ನನ್ನ ಕಡೆ ತಿರುಗಿಯೂ ನೋಡಲಿಲ್ಲ. ಒಂದು ತಪ್ಪಿದ್ದರೆ ಇನ್ನೂ ಇರಬಹುದು ಅಂತ ನಮ್ಮೂರಿನ ಮಾದರಿಗಳನ್ನೆಲ್ಲ ಸಂಶೋಧನೆಯಿಂದ ಕೈಬಿಟ್ಟು, ಮೊದಲಿಂದ ಶುರು ಮಾಡಿದರು. ಅಷ್ಟರಲ್ಲಿ ಅದೇ ವಿಷಯದ ಮೇಲೆ ಬೇರೆಯವರ ಪ್ರಬಂಧ ಅಚ್ಚಾಯಿತು. ಅದನ್ನು ಅವರು ನನಗೆ ಹೇಳಿದ್ದು ನಾಲ್ಕು ವರ್ಷದ ಮೇಲೆ, ಅದೂ ನಾನು ಕೆದಕಿ ಕೇಳಿದ್ದಕ್ಕೆ.

ಕರಿಯಪ್ಪನ ಹನುಮಕ್ಕನನ್ನು ನೋಡಲು ವರ್ಷಕ್ಕೊಮ್ಮೆ ತಪ್ಪದೆ ಬರುತ್ತಿದ್ದರು. ನಿವೃತ್ತಿಗೆ ಮುಂಚೆ ಕೊನೆಯ ಸಲ ಬಂದಾಗ ನಡಿಗೆ ನಿಧಾನವಾಗಿತ್ತು, ಪೆಟ್ಟಿಗೆ ನಾನೇ ಹಿಡಿದಿದ್ದೆ. ಎಂದಿನಂತೆ ಫಾರಂ ತೆಗೆದು, ಗಂಡನ ಹೆಸರಿನ ಜಾಗಕ್ಕೆ ಬಂದಾಗ ಪೆನ್ನು ನಿಲ್ಲಿಸಿದರು. ಬಾಯಿಪಾಠವಿದ್ದರೂ ಅವರು ತಾವಾಗಿ ಬರೆದವರಲ್ಲ. ಪ್ರತಿ ವರ್ಷ ಮನೆಯ ಬೇರೆ ಯಾರಾದರೂ ಹೇಳಬೇಕಿತ್ತು. ಕರಿಯಪ್ಪ ಬಾಗಿಲಲ್ಲೇ ನಿಂತಿದ್ದ, ಹೇಳಲು ಬಾಯಿ ತೆರೆದ. ಹನುಮಕ್ಕ ಕೈಯೆತ್ತಿ ಅವನನ್ನು ತಡೆದಳು. ಸೆರಗು ಬಾಯಿಗಿಡಲಿಲ್ಲ.

"ಕರಿಯಪ್ಪ," ಅಂದಳು. "ನಾನೇ ಹೇಳ್ತಿದೀನಿ ಮೇಡಂ, ಬರ್ಕಳ್ರಿ."

ಮೇಡಂ ತಲೆ ಬಗ್ಗಿಸಿ ಬರೆದುಕೊಂಡರು.