ಕಂಪ್ಯೂಟರಿನೊಳಗಿನ ಉಣ್ಣೆ

ಮರಾಠಿ ಸೀಮೆಯ ಗಡಿಯೂರು ಸೋನ್ಯಾಳದ ನಮ್ಮ ಮನೆಯಲ್ಲಿ ಹಳೆಯ ಕಂಪ್ಯೂಟರಿನ ಮುಚ್ಚಳ ಬಿಚ್ಚುವ ಅಧಿಕಾರ ನನಗೊಬ್ಬಳಿಗೇ. ಸುತ್ತಿನ ಕನ್ನಡ ಶಾಲೆಗಳ ಪ್ರಶ್ನೆಪತ್ರಿಕೆಗಳನ್ನು ಟೈಪ್ ಮಾಡಿಕೊಡುವುದು ನನ್ನ ಕೆಲಸ. ಮರಾಠಿ ಟೈಪ್ ಮಾಡುವವರು ನಮ್ಮ ತಾಲೂಕಿನ ಜತ್ತದಲ್ಲಿ ಬೇಕಾದಷ್ಟು ಮಂದಿ. ಕನ್ನಡದ ಒತ್ತಕ್ಷರ ತಪ್ಪದಂತೆ ಹೊಡೆಯುವವಳು ನಾನು. ಜಂಬವಲ್ಲ, ಬೇಕಾದರೆ ಶಾಲೆಯ ಗುರುಜಿಗಳನ್ನೇ ಕೇಳಿ.

ಈ ಸಲ ವಾರ್ಷಿಕ ಪರೀಕ್ಷೆ ಹತ್ತಿರ ಬಂದಾಗ ಅದು ನಡುನಡುವೆ ಆರತೊಡಗಿತು. ಕರೆಂಟು ಇದೆ, ಪರದೆ ಮಾತ್ರ ಕಪ್ಪು. ಡಬ್ಬಿ ಮುಟ್ಟಿದರೆ ರೊಟ್ಟಿಯ ಹಂಚು.

"ಭಂಗಾರಕ್ಕ ಹಾಕಿಬಿಡು," ಅಂದರು ಮನೆಯವರು. ಗುಜರಿಗೆ ನಮ್ಮ ಕಡೆ ಮರಾಠಿಯ ಭಂಗಾರವೇ ಮಾತು.

"ನಿಮಗದು ಭಂಗಾರ, ನನಗ ಬಂಗಾರರಿ. ಸುಮ್ಮ ಕುಂದ್ರಿ," ಅಂದೆ.

ಪ್ರೊಸೆಸರಿನ ಮೇಲಿನ, ಬಿಸಿ ಎಳೆದುಕೊಳ್ಳುವ ಪೇಸ್ಟ್ ಒಣಗಿರಬೇಕೆಂದು ಹೊಸದು ತಂದು ಹಚ್ಚಿದೆ. ಎರಡು ದಿನ ಚೆನ್ನಾಗಿತ್ತು, ಮತ್ತೆ ಅದೇ ಹಾಡು. ಪಕ್ಕದ ಮುಚ್ಚಳ ತೆಗೆದು ಟೇಬಲ್ ಫ್ಯಾನ್ ಹಚ್ಚಿಟ್ಟೆ. ವಿಚಿತ್ರವೆಂದರೆ, ಇಪ್ಪತ್ತು ನಿಮಿಷ ನಡೆಯುತ್ತಿದ್ದುದು ದಿನೇ ದಿನೇ ಹತ್ತಕ್ಕೆ ಇಳಿಯಿತು. ಗಾಳಿ ಹಾಕಿದಷ್ಟೂ ಬಿಸಿಯಾಗುವ ಯಂತ್ರವನ್ನು ನಾನೆಲ್ಲೂ ಕಂಡಿರಲಿಲ್ಲ.

ಅಷ್ಟರಲ್ಲಿ ಕರಜಗಿಯ ಗುರುಜಿಯ ಫೋನು. "ಅಕ್ಕಾರ, ನಾಳಿ ಮುಂಜಾನಿ ಪೇಪರ್ ಬೇಕ್ರಿ. ಆಗೂದಿಲ್ಲಂದ್ರ ಈಗ ಹೇಳ್ರಿ, ಬ್ಯಾರೆ ಕಡೆ ಕೊಡತೀನಿ." ಒಮ್ಮೆ ಬೇರೆ ಕಡೆ ಹೋದ ಕೆಲಸ ತಿರುಗಿ ಬರುವುದಿಲ್ಲ. "ಆಗತೈತ್ರಿ," ಅಂದುಬಿಟ್ಟೆ.

ವೈರು ಕಿತ್ತು, ಒಳಗಿನ ಸಣ್ಣ ಫ್ಯಾನನ್ನೇ ಬಿಚ್ಚಿದೆ. ಅದರ ಕೆಳಗೆ ಬಿಸಿ ಹೊರಬಿಡುವ ಅಲ್ಯುಮಿನಿಯಂ ಹಲ್ಲುಗಳ ತುಂಬ ಕುರಿಯ ಉಣ್ಣೆ! ನಮ್ಮದು ಕುರಿ ಸಾಕುವ ಮನೆ. ಅತ್ತೆ ದಿನವೂ ನನ್ನ ಬೆನ್ನ ಹಿಂದೆ ಕೂತು ಉಣ್ಣೆ ಹಿಂಜುತ್ತಾರೆ, ಕೈಯಿಂದ ಎಳೆ ಎಳೆಯಾಗಿ ಬಿಡಿಸುತ್ತಾರೆ. ಹಾರಿದ ಎಳೆಗಳನ್ನೆಲ್ಲ ನನ್ನ ಟೇಬಲ್ ಫ್ಯಾನು ಡಬ್ಬಿಯೊಳಗೆ ತುಂಬಿತ್ತು. ಫ್ಯಾನ್ ಇಟ್ಟವಳು ನಾನು. ಆದರೆ ಬಾಯಿಂದ ಬಂದದ್ದು ಬೇರೆ:

"ಎಲ್ಲಾ ನಿಮ್ಮ ಉಣ್ಣಿನ ಮಾಡಿದ್ದರಿ ಅತ್ತಿ! ನನ್ನ ಕೆಲಸಕ್ಕ ಕಲ್ಲು ಬಿತ್ತು."

ಅತ್ತೆ ಬುಟ್ಟಿ ಎತ್ತಿಕೊಂಡು ಅಂಗಳದ ಬೇವಿನ ಗಿಡದ ಕೆಳಗೆ ಹೋಗಿ ಕೂತರು.

ನಾನು ಬ್ರಶ್ ಹಿಡಿದು ಗಸಗಸ ತಿಕ್ಕಿದೆ, ಫ್ಯಾನ್ ಜೋಡಿಸಿ ಶುರು ಮಾಡಿದೆ. ಆರನೇ ನಿಮಿಷಕ್ಕೆ ಕಪ್ಪು. ಆಗ ನನ್ನ ಸೊಕ್ಕೆಲ್ಲ ಇಳಿಯಿತು. ಡಬ್ಬಿಗಿಂತ ಆ ಮುದುಕಿಯ ಮುಖವೇ ಕಣ್ಣಿಗೆ ಕಟ್ಟಿತು. ಹೊರಗೆ ಹೋಗಿ ಅವರ ಎದುರು ಕೂತೆ.

"ತಪ್ಪಾತ್ರಿ ಅತ್ತಿ. ಫ್ಯಾನ್ ಇಟ್ಟಾಕಿ ನಾನು, ಬೈದಿದ್ದು ನಿಮಗ."

ಹಿಂಜುತ್ತಲೇ ಅತ್ತೆ, "ಉಣ್ಣಿ ಹೆಂಗ ತಗದಿ?" ಅಂದರು.

"ಬ್ರಶ್‌ಲೆ ತಿಕ್ಕಿದ್ನಿರಿ."

"ಅಯ್ಯ ನಿನ್ನ! ಉಣ್ಣಿ ತಿಕ್ಕತಾರೇನ ಹುಚ್ಚಿ? ತಿಕ್ಕಿದಷ್ಟೂ ಜಡಿಗಟ್ಟತೈತಿ. ಅದನ್ನ ಹಿಂಜಬೇಕು. ನಡಿ, ತೋರಸು."

ಮೇಲಿನದಷ್ಟೇ ಹೋಗಿತ್ತು, ಉಳಿದುದನ್ನು ನಾನೇ ಹಲ್ಲುಗಳ ಬುಡಕ್ಕೆ ಗಟ್ಟಿಯಾಗಿ ತುರುಕಿದ್ದೆ. ಅತ್ತೆ ಕನ್ನಡಕ ಏರಿಸಿ, ಕೌದಿ ಹೊಲಿಯುವ ಸೂಜಿಯಿಂದ ಒಂದೊಂದೇ ಸಂದಿಯಿಂದ ಎಳೆ ಬಿಡಿಸಿದರು. ಅವಸರವಿಲ್ಲ, ಒತ್ತಡವಿಲ್ಲ. ಕಂಪ್ಯೂಟರ್ ರಿಪೇರಿಯ ಬಗ್ಗೆ ನನಗೆ ಗೊತ್ತಿದ್ದುದನ್ನೆಲ್ಲ ಬದಿಗಿಟ್ಟು ನಾನು ಟಾರ್ಚು ಹಿಡಿದು ನಿಂತಿದ್ದೆ. ಹೊಸ ಪೇಸ್ಟ್ ಹಚ್ಚಿ ಶುರು ಮಾಡಿದ ಮೇಲೆ ಅದು ಸಂಜೆಯವರೆಗೂ ಒಮ್ಮೆಯೂ ಆರಲಿಲ್ಲ. ಮರುದಿನ ಬೆಳಿಗ್ಗೆ ಗುರುಜಿ ಬಂದು ಪೇಪರು ಒಯ್ದರು.

ಅವರು ಹೋದ ಕೂಡಲೇ ನಾನು ಕಂಪ್ಯೂಟರನ್ನು ಹೊರಗಿನ ಪಡಸಾಲೆಗೆ ಸಾಗಿಸಿದೆ. ಅದು ಇಷ್ಟು ದಿನ ಇದ್ದ ಗಾಳಿ ಬೆಳಕಿನ ಒಳಕೋಣೆ ನನಗಿಂತ ಮೊದಲು ಅತ್ತೆಯದು, ಅವರು ಅಲ್ಲಿ ನೆಮ್ಮದಿಯಿಂದ ಕೂಡಲಿ ಅಂತ. ಒಂದು ಪುಟ ಮುಗಿಸಿ ತಿರುಗಿ ನೋಡುತ್ತೇನೆ, ಬುಟ್ಟಿಯ ಸಮೇತ ನನ್ನ ಬೆನ್ನ ಹಿಂದೆ ಕೂತಿದ್ದಾರೆ!

"ಇಲ್ಯಾಕ ಬಂದ್ರಿ ಅತ್ತಿ?"

"ಅಲ್ಲಿ ಒಬ್ಬಾಕಿನ ಕುಂತು ಏನ್ ಮಾಡ್ಲಿ?"

"ಮತ್ತ ಒಳಗ ಉಣ್ಣಿ ಹೋಗತೈತಲ್ರಿ."

"ಹೋಗ್ಲಿ ಬಿಡವಾ," ಅಂದರು. "ತಗ್ಯಾಕ ನಾ ಅದೀನಲ್ಲ."