ಹಗ್ಗ ಬಿಟ್ಟು ಮಾಯವಾಗುವ ವಿದ್ಯೆ

ನನ್ನನ್ನು ದರೋಡೆಕೋರರು ಹಿಡಿದು ಕಂಬಕ್ಕೆ ಕಟ್ಟಿಹಾಕಿದ್ದು ಒಂದೆರಡು ಸಲವಲ್ಲ. ಪ್ರತಿ ಸಲವೂ ಅದು ನಡೆದದ್ದು ಚಳ್ಳಕೆರೆಯ ನಮ್ಮ ಮನೆಯ ಪಡಸಾಲೆಯಲ್ಲಿ, ಭಾನುವಾರದ ಊಟ ಮುಗಿದ ಮೇಲೆ, ಅವ್ವ ಹುರಿದುಕೊಟ್ಟ ಶೇಂಗಾ ತಿನ್ನುತ್ತಿರುವಾಗ. ಹೊಸ ಶತಮಾನ ಹುಟ್ಟಿ ಒಂದೆರಡು ವರ್ಷವಾಗಿತ್ತು. ನಾನು ಕಾಲೇಜಿನಲ್ಲಿ ಕಾಮರ್ಸ್ ಪಾಠ ಹೇಳುತ್ತಿದ್ದೆ. ದಾರಿಯಲ್ಲಿ ವಿದ್ಯಾರ್ಥಿಗಳು ‘ನಮಸ್ಕಾರ ಸರ್’ ಎನ್ನುತ್ತಿದ್ದರು. ಆ ನಮಸ್ಕಾರವನ್ನು ಗಂಭೀರವಾಗಿ ಸ್ವೀಕರಿಸುತ್ತಿದ್ದವನೇ ಭಾನುವಾರ ಬಂತೆಂದರೆ ಕೊಡಲಿ ಹಿಡಿದ ವೀರನಾಗುತ್ತಿದ್ದೆ. ವೀರನೇನೋ ಹೌದು, ಆದರೆ ಸಿಕ್ಕಿಬೀಳುವುದರಲ್ಲಿ ಮಾತ್ರ ನನ್ನನ್ನು ಮೀರಿಸುವವರಿರಲಿಲ್ಲ.

ಇದಕ್ಕೆಲ್ಲ ಮೂಲ ಅವ್ವನ ತಂಗಿಯ ಮಗ ಭೂಷಣ. ಬಳ್ಳಾರಿಯಲ್ಲಿ ಹಾಸ್ಟೆಲ್ಲಿನಲ್ಲಿದ್ದು ಇಂಜಿನಿಯರಿಂಗ್ ಓದಿ ಬಂದವನು, ಪದವಿಯ ಜೊತೆಗೆ ಈ ಆಟವನ್ನೂ ಹೊತ್ತು ತಂದಿದ್ದ. ವಾರವೆಲ್ಲ ನಮ್ಮಪ್ಪನ ಎಣ್ಣೆ ಮಿಲ್ಲಿನ ಯಂತ್ರಗಳನ್ನು ನೋಡಿಕೊಳ್ಳುವುದು, ಭಾನುವಾರ ನಮ್ಮನ್ನು ಕಾಡಿಗೆ ಅಟ್ಟುವುದು ಅವನ ದಿನಚರಿ. ಆಟಕ್ಕೆ ಹಾಸೂ ಇಲ್ಲ, ಕಾಯಿಯೂ ಇಲ್ಲ. ಒಬ್ಬ ಕಥೆ ಹೇಳುತ್ತಾನೆ, ಉಳಿದವರು ಆ ಕಥೆಯೊಳಗಿನ ಪಾತ್ರಗಳಾಗುತ್ತಾರೆ. ‘ಮುಂದೆ ಕತ್ತಲೆ ಗುಹೆ. ಏನ್ ಮಾಡ್ತೀಯ?’ ಎಂದು ಅವನು ಕೇಳಬೇಕು, ನಾವು ಹೇಳಬೇಕು. ಮಾಡಿದ್ದು ಫಲಿಸಿತೋ ಕೆಟ್ಟಿತೋ ಎಂಬುದನ್ನು ಗೋಲಿಯಂಥ ಇಪ್ಪತ್ತು ಮುಖದ ದಾಳ ತೀರ್ಮಾನಿಸುತ್ತದೆ. ಕಾನೂನಿಗೊಂದು ಜೆರಾಕ್ಸ್ ಮಾಡಿಸಿದ ಪುಸ್ತಕವಿತ್ತು. ಭೂಷಣ ಅದನ್ನು ತೊಡೆಯ ಮೇಲಿಟ್ಟುಕೊಂಡು ನ್ಯಾಯಾಧೀಶನಂತೆ ಕೂರುತ್ತಿದ್ದ.

ಆ ವರ್ಷವೇ ಗೌರತ್ತೆ ನಮ್ಮ ಮನೆಗೆ ಬಂದದ್ದು. ಅವಳು ಅಪ್ಪನ ಅಕ್ಕ. ಮೊಳಕಾಲ್ಮೂರು ತಾಲ್ಲೂಕಿನ ದೇವಸಮುದ್ರದಲ್ಲಿ ಹೊಲ, ಕುರಿಗಳನ್ನು ಒಬ್ಬಳೇ ನಿಭಾಯಿಸಿಕೊಂಡಿದ್ದವಳು. ಗಂಡ ತೀರಿ ಬಹಳ ಕಾಲವಾಗಿತ್ತು, ಮಕ್ಕಳಿರಲಿಲ್ಲ. ಬಿ.ಜಿ. ಕೆರೆಯಲ್ಲಿ ಬಸ್ಸಿಳಿಯುವಾಗ ಕಾಲು ಜಾರಿ ಮೂಳೆ ಮುರಿದುಕೊಂಡಳು. ಆಸ್ಪತ್ರೆಯಲ್ಲಿ ಪಾದದಿಂದ ಮೊಣಕಾಲಿನ ಮೇಲಿನವರೆಗೆ ಪ್ಲಾಸ್ಟರಿನ ಪಟ್ಟು ಹಾಕಿದರು. ಅಪ್ಪ ಕಾರು ಮಾಡಿಕೊಂಡು ಹೋಗಿ ಅವಳನ್ನು ಕರೆತಂದು ಪಡಸಾಲೆಯಲ್ಲೇ ಮಂಚ ಹಾಕಿಸಿದ. ಹುಟ್ಟಿದಾಗಿನಿಂದ ಒಂದು ಕಡೆ ಕೂತು ಗೊತ್ತಿಲ್ಲದ ಹೆಂಗಸು, ಮಲಗಿದಲ್ಲಿಂದಲೇ ಫ್ಯಾನಿನ ಜೊತೆ ಜಗಳ ಶುರು ಮಾಡಿದಳು. ಸಿಟ್ಟು ನೆತ್ತಿಗೇರಿದರೆ ಬಾಯಲ್ಲಿ ಗಡಿನಾಡಿನ ತೆಲುಗು ಹೊರಡುತ್ತಿತ್ತು. ‘ಏಮ್ರಾ ಇದಿ!’ ಎಂದು ಅವಳು ತನ್ನ ಕಾಲನ್ನೇ ಗದರುವುದನ್ನು ಕೇಳಿ ಅವ್ವ ಸೆರಗಿನಲ್ಲಿ ನಗು ಮುಚ್ಚಿಕೊಳ್ಳುತ್ತಿದ್ದಳು.

ಒಂದೆರಡು ಭಾನುವಾರ ನಮ್ಮ ಆಟವನ್ನು ಸುಮ್ಮನೆ ಕೇಳಿಸಿಕೊಂಡಳು. ಆಮೇಲೆ ಮಂಚದಿಂದಲೇ ಕೂಗಿದಳು: “ಲೇ ಭೂಷಣ, ಆ ಮಂತ್ರವಾದಿ ಪಾತ್ರ ಖಾಲಿ ಐತೇನೋ?”

ಭೂಷಣನಿಗೆ ಹಬ್ಬವಾಯಿತು. ಪಾತ್ರಕ್ಕೊಂದು ಹೆಸರು ಬೇಕೆಂದ. “ಬ್ಯಾರೆ ಹೆಸ್ರು ಯಾಕೆ? ಇಟ್ಟಿರೋ ಹೆಸ್ರೇ ಚೆನ್ನಾಗೈತೆ” ಎಂದಳು. ಹೀಗೆ ದೇವಸಮುದ್ರದ ಗೌರಮ್ಮ ಮಂತ್ರವಾದಿನಿಯಾದಳು. ಭೂಷಣ ಮಂತ್ರಗಳನ್ನು ಓದಿ ಹೇಳಿದ: ಬೆಂಕಿ ಉಗುಳಬಹುದು, ಶತ್ರುವನ್ನು ನಿದ್ದೆಗೆ ಕೆಡವಬಹುದು, ಇಲ್ಲಿ ಮಾಯವಾಗಿ ಕಣ್ಣಿಗೆ ಕಾಣುವ ಇನ್ನೊಂದು ಜಾಗದಲ್ಲಿ ನಿಲ್ಲಬಹುದು. ಅತ್ತೆ ಮುಂದಿನದನ್ನು ಕೇಳಲೇ ಇಲ್ಲ. “ಅದು! ಆ ಕೊನೇದು ಕೊಡು” ಎಂದಳು. ಕಾಲಿಗೆ ಕಲ್ಲಿನಂಥ ಪಟ್ಟು ಹಾಕಿಸಿಕೊಂಡವರು ಬೇರೆ ಯಾವುದನ್ನು ಆರಿಸಿಯಾರು?

ಮೊದಲ ದಿನವೇ ನನ್ನ ಶೌರ್ಯದ ಫಲವಾಗಿ ಇಬ್ಬರೂ ದರೋಡೆಕೋರರ ಕೈಗೆ ಸಿಕ್ಕೆವು. ಹಳೆಯ ಕೋಟೆಯೊಳಗೆ ಕಂಬಕ್ಕೆ ಕಟ್ಟಿದರು. ಅತ್ತೆ ಮಂತ್ರ ಹೇಳಿ ಕಿಟಕಿಯಾಚೆಯ ಬೇವಿನ ಮರದ ಬುಡಕ್ಕೆ ಹೋಗುತ್ತೇನೆಂದಳು. ಭೂಷಣ ಕೈ ಎತ್ತಿದ.

“ತಡೀರಿ ಅತ್ತೆ. ನೀವು ಹೋದ್ರೆ ಹಗ್ಗನೂ ನಿಮ್ ಜೊತೆ ಬರ್ತೈತೋ ಇಲ್ವೋ? ಪುಸ್ತಕದಾಗೆ ಹೇಳಿಲ್ಲ.”

ನಾನು ಪಂಡಿತನಾದೆ. ನಮ್ಮ ಪುರಾಣಗಳಲ್ಲಿ ದೇವರುಗಳು ವರ ಕೊಟ್ಟು ಅಂತರ್ಧಾನರಾಗುತ್ತಾರೆ. ಆಗ ಕಿರೀಟ ಮಾತ್ರ ಹಿಂದುಳಿದು ನೆಲದ ಮೇಲೆ ಉರುಳಿತು ಎಂದು ಯಾರೂ ಬರೆದಿಲ್ಲ. ಪೀತಾಂಬರ, ಹಾರ, ಆಯುಧ ಎಲ್ಲವೂ ಜೊತೆಗೇ ಹೋಗುತ್ತವೆ. ಆದ್ದರಿಂದ ಮೈಗೆ ಹತ್ತಿದ್ದೆಲ್ಲ ಮೈಯ ಜೊತೆ ಹೋಗತಕ್ಕದ್ದು ಎಂದು ವಾದಿಸಿದೆ. ಯಾರ ಪರವಾಗಿ ವಾದಿಸುತ್ತಿದ್ದೇನೆ ಎಂಬುದು ಅತ್ತೆ ನನ್ನನ್ನು ನೋಡಿದ ನೋಟದಿಂದ ತಿಳಿಯಿತು. ಅಡುಗೆಮನೆಯಿಂದ ಅವ್ವನೂ ದನಿಗೂಡಿಸಿದಳು: “ಸೀರೆ ಬರ್ತೈತೆ ಅಂದ್ರೆ ಹಗ್ಗನೂ ಬರಬೇಕಲ್ಲ?”

ಅತ್ತೆ ದಿಂಬಿಗೆ ಒರಗಿದ್ದವಳು ನೆಟ್ಟಗಾದಳು. “ಅದೆಂಗೆ? ಸೀರೆ ನಾನು ಉಟ್ಕಂಡಿದ್ದು. ಹಗ್ಗ ಅವ್ರು ಕಟ್ಟಿದ್ದು. ನಾನು ಉಟ್ಟಿದ್ದು ನಂದು, ಅವ್ರು ಕಟ್ಟಿದ್ದು ಅವ್ರದ್ದು. ಅವ್ರ ಸಾಮಾನು ನಾನ್ಯಾಕೆ ಹೊತ್ಕಂಡ್ ಹೋಗ್ಲಿ? ಅಲ್ಲೇ ಬಿದ್ದಿರ್ಲಿ.”

ಭೂಷಣ ಪುಸ್ತಕ ಮುಚ್ಚಿದ. ಅವನು ಅಷ್ಟು ಬೇಗ ಸೋತದ್ದನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ. ದಾಳವೂ ಅತ್ತೆಯ ಕಡೆಗೇ ಬಿತ್ತು. ಹಗ್ಗ ಕಂಬದ ಬುಡದಲ್ಲಿ ಸುರುಳಿಯಾಗಿ ಬಿದ್ದಿತು, ಅತ್ತೆ ಬೇವಿನ ಮರದ ಕೆಳಗೆ ನಿಂತಳು.

“ತಪ್ಪಿಸ್ಕಂಡ್ರಿ ಅತ್ತೆ. ಮುಂದೆ ದಾರಿ ಸಲೀಸು” ಎಂದ ಭೂಷಣ.

“ಮತ್ತೆ ಇವ್ನು?” ನನ್ನ ಕಡೆ ಬೆರಳು ತೋರಿಸಿದಳು.

“ಅಣ್ಣ ಒಳಗೇ ಅದಾನೆ. ಮಂತ್ರ ನಿಮಗೊಬ್ರಿಗೇ.”

“ಹಂಗಾದ್ರೆ ವಾಪಸ್ ಹೋಗ್ತೀನಿ. ಮೊದ್ಲು ಒಂದು ಕುಡುಗೋಲು ಎಲ್ಲಿ ಸಿಗ್ತೈತೆ ಹೇಳು.”

ಬಿಟ್ಟ ಬಂಧನಕ್ಕೆ ತಾನಾಗಿ ಮರಳಿ, ಕುಡುಗೋಲಿನಿಂದ ನನ್ನ ಹಗ್ಗ ಕೊಯ್ದು, ನನ್ನನ್ನು ಬೈಯುತ್ತಾ ಹೊರಗೆ ಕರೆತಂದಳು. ಆಟವೇ ಆದರೂ ನಾನು ಎದ್ದು ಅಡುಗೆಮನೆಗೆ ಹೋದೆ. ಶೇಂಗಾ ಸಿಕ್ಕಿಕೊಂಡಿತೆಂದು ನೆಪ ಹೇಳಿ ನೀರು ಕುಡಿದೆ.

ಮುಂದೆ ಪಟ್ಟು ತೆಗೆದರು. ಕಾಲು ಬಡಕಲಾಗಿತ್ತು. ದಿನಾ ಸ್ವಲ್ಪ ಸ್ವಲ್ಪ ನಡೆಯಬೇಕೆಂದು ಡಾಕ್ಟರು ಹೇಳಿದರು. ಆದರೆ ಅಪ್ಪ ಬಿಡಬೇಕಲ್ಲ! ಅವಳು ಎದ್ದು ನಿಂತರೆ ಸಾಕು, “ಅಕ್ಕಾ, ಬೀಳ್ತೀಯ” ಎಂದು ಓಡಿಬರುತ್ತಿದ್ದ. ಊರುಗೋಲನ್ನು ಕೈಗೆ ಸಿಗದಂತೆ ಮೂಲೆಯಲ್ಲಿಡುತ್ತಿದ್ದ. ಅಪ್ಪ ಕೂಸಾಗಿದ್ದಾಗಲೇ ಅಜ್ಜಿ ತೀರಿಕೊಂಡಿದ್ದಳು, ಅವನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು ಈ ಅಕ್ಕನೇ. ಅದನ್ನು ತಿಳಿದ ನಾವು ಯಾರೂ ಎದುರಾಡಲಿಲ್ಲ. ಅತ್ತೆಯೂ ಬೀಳುವ ಭಯಕ್ಕೋ ತಮ್ಮನ ಮಾತಿಗೋ ಮತ್ತೆ ಮತ್ತೆ ಮಂಚಕ್ಕೇ ಮರಳುತ್ತಿದ್ದಳು. ಹೀಗಿರುವಾಗ ಅವಳನ್ನು ನೋಡಲು ದೇವಸಮುದ್ರದ ನೆರೆಯವರು ಬಂದರು. ಗೌರಮ್ಮ ಇನ್ನು ಚಳ್ಳಕೆರೆಯಲ್ಲೇ ಇರುತ್ತಾಳೆ, ಕುರಿಗಳನ್ನು ಯಾರಿಗಾದರೂ ಸಾಕಲು ಪಾಲಿಗೆ ಕೊಡಿ ಎಂದು ಅಪ್ಪ ಊರಿಗೆ ಹೇಳಿಕಳಿಸಿದ್ದಾನೆಂಬುದು ಅವರ ಬಾಯಿಂದ ಹೊರಬಿತ್ತು. ಅತ್ತೆಯನ್ನು ಅವನು ಒಂದು ಮಾತೂ ಕೇಳಿರಲಿಲ್ಲ. ಅತ್ತೆ ಅವತ್ತು ಕನ್ನಡದಲ್ಲೂ ಬೈಯಲಿಲ್ಲ, ತೆಲುಗಿನಲ್ಲೂ ಬೈಯಲಿಲ್ಲ. ನಮಗೆ ಹೆದರಿಕೆಯಾದದ್ದು ಅದಕ್ಕೇ.

ಮುಂದಿನ ಭಾನುವಾರ ಭೂಷಣ ಕಥೆ ತೆಗೆದ. ಬೇಕೆಂದೇ ಹೆಣೆದನೋ ತಾನಾಗಿ ಬಂತೋ, ಇವತ್ತಿಗೂ ಅವನು ಬಾಯಿ ಬಿಟ್ಟಿಲ್ಲ. ಈ ಸಲ ನಾವು ಸಿಕ್ಕಿದ್ದು ಒಬ್ಬ ರಾಜನ ಅರಮನೆಯಲ್ಲಿ. ಹಗ್ಗವಿಲ್ಲ, ಸಂಕೋಲೆಯಿಲ್ಲ. ಮೆತ್ತನೆ ಹಾಸಿಗೆ, ಹೊತ್ತುಹೊತ್ತಿಗೆ ಬಿಸಿ ಊಟ. ಹೊರಗೆ ಹೊರಟರೆ ರಾಜ ಕೈಮುಗಿದು ಅಡ್ಡ ನಿಲ್ಲುತ್ತಾನೆ: ‘ಹೊರಗೆ ಅಪಾಯ ತಾಯಿ, ಇಲ್ಲೇ ಇರಿ.’

“ಏನ್ ಮಾಡ್ತೀರಿ ಅತ್ತೆ?”

“ಮಂತ್ರ ಹಾಕ್ರಿ, ಮತ್ತಿನ್ನೇನು” ಎಂದೆ ನಾನು.

ಅತ್ತೆ ದಾಳವನ್ನು ಅಂಗೈಯಲ್ಲಿ ಉರುಳಿಸಿದಳು. “ಕಟ್ಟಿ ಹಾಕಿದ್ರೆ ಮಾಯ ಆಗ್ಬೋದಿತ್ತು ಕಣೋ. ಇವ್ನು ತುತ್ತು ಕೊಟ್ಟವ್ನು. ಹೇಳದೆ ಹೋದ್ರೆ ಅದು ಕಳ್ಳತನ ಆಗ್ತೈತೆ.” ದಾಳವನ್ನು ಮಂಚದ ಮೇಲಿಟ್ಟು ಒಳಕ್ಕೆ ಕೂಗಿದಳು: “ರುದ್ರಾ, ಒಸಿ ಬಾರೋ ಇಲ್ಲಿ.”

ಅಪ್ಪ ಪೇಪರು ಹಿಡಿದುಕೊಂಡೇ ಬಂದ.

“ಕುರಿ ಪಾಲಿಗೆ ಕೊಡ್ರಿ ಅಂತ ಹೇಳಿ ಕಳ್ಸಿದ್ಯಂತೆ.”

ಅಪ್ಪ ನೆಲ ನೋಡಿದ. “ನಿನ್ ಒಳ್ಳೇದಕ್ಕೇ ಅಕ್ಕ. ಅಲ್ಲಿ ಒಬ್ಳೇ ಇದ್ದಾಗ ಬಿದ್ರೆ?”

“ಇಲ್ಲಿ ಕೂತ್ಕಂಡ್ರೆ ಬೀಳಲ್ಲ, ದಿಟ. ನಡೆಯೋದೂ ಇಲ್ಲ. ನೀನು ನಡೆಯೋದು ಕಲಿಯೋವಾಗ ಹೊಸ್ಲಿಗೊಂದು ಸಲ ಬೀಳ್ತಿದ್ದೆ. ನಾನು ನಿನ್ನ ಕಟ್ಟಿ ಹಾಕಿದ್ನೇನೋ?”

ಮಿಲ್ಲಿನಲ್ಲಿ ಅಪ್ಪ ಕೆಮ್ಮಿದರೆ ಆಳುಗಳು ಎದ್ದು ನಿಲ್ಲುತ್ತಿದ್ದರು. ಆ ಅಪ್ಪ ಮಂಚದ ಅಂಚಿನಲ್ಲಿ ಕೂತು, ನಮ್ಮೆದುರಿಗೇ, ಚಿಕ್ಕ ಮಗುವಿನ ದನಿಯಲ್ಲಿ ಕೇಳಿದ: “ನಿಂಗೇನಾದ್ರೂ ಆದ್ರೆ ನಂಗ್ಯಾರದಾರೆ ಅಕ್ಕ?”

ಅತ್ತೆ ಅವನ ತಲೆಯ ಮೇಲೆ ಕೈಯಿಟ್ಟಳು. “ಆಗೋವಾಗ ಆಗ್ಲಿ ಬಿಡೋ. ಈಗ ಎಬ್ಬಿಸು ನನ್ನ. ಬಾಗ್ಲತನಕ ಹೋಗಿ ಬರಾಣ.”

ಅವತ್ತು ಅಪ್ಪ ಅವಳ ತೋಳು ಹಿಡಿದು ಬಾಗಿಲವರೆಗೆ ನಡೆಸಿದ. ಆಮೇಲೆ ಅಂಗಳ, ಆಮೇಲೆ ಬೀದಿ ಕೊನೆಯ ಕಿರಾಣಿ ಅಂಗಡಿ. ಕೊನೆಗೊಂದು ದಿನ ಬಸ್‌ಸ್ಟ್ಯಾಂಡು. ಕಾರು ಮಾಡಿಸುತ್ತೇನೆಂದು ಅಪ್ಪ ಎಷ್ಟು ಹೇಳಿದರೂ ಕೇಳದೆ ಅತ್ತೆ ಬಸ್ಸನ್ನೇ ಹತ್ತಿ, ಕಿಟಕಿಯಿಂದ “ಬರ್ತೀನಿ” ಎಂದಳು. ನಮ್ಮ ಭಾಷೆಯ ಈ ಚಮತ್ಕಾರವನ್ನು ನಾನು ಸರಿಯಾಗಿ ಗಮನಿಸಿದ್ದು ಅವತ್ತೇ. ಹೋಗುವವರು ‘ಹೋಗ್ತೀನಿ’ ಎನ್ನುವುದಿಲ್ಲ. ಹೊರಡುವ ಗಳಿಗೆಯಲ್ಲೇ ಬರುವ ಮಾತಾಡುತ್ತಾರೆ, ಕಳಿಸುವವರು ಆ ಒಂದು ಮಾತನ್ನು ನಂಬಿಕೊಂಡು ಕೈ ಬಿಡುತ್ತಾರೆ. ಅಪ್ಪ ಬಸ್ಸು ತಿರುಗಿ ಮರೆಯಾಗುವವರೆಗೂ ನಿಂತಿದ್ದ.

ಕೆಲವು ವಾರ ತಡೆದುಕೊಂಡ. ಆಮೇಲೆ, ಸುಮ್ಮನೆ ನೋಡಿಕೊಂಡು ಸಂಜೆಗೆ ಬಂದುಬಿಡುತ್ತೇನೆಂದು ದೇವಸಮುದ್ರಕ್ಕೆ ಹೊರಟ. ಸಂಜೆ ಬೂತಿನಿಂದ ಫೋನು ಬಂತು: ಬಸ್ಸು ತಪ್ಪಿತಂತೆ. ಮಾರನೆಯ ಸಂಜೆಯೂ ತಪ್ಪಿತಂತೆ. ಮುಂದಿನ ಸಂಜೆ, ಅಕ್ಕ ಹೋಳಿಗೆಗೆ ಬೇಳೆ ಹಾಕಿದ್ದಾಳೆ, ಬೇಜಾರು ಮಾಡಿಕೊಳ್ಳುತ್ತಾಳೆ ಎಂದ. ದೇವಸಮುದ್ರದಲ್ಲಿ ಬಸ್ಸು ನಿಲ್ಲುವುದು ಅತ್ತೆಯ ಮನೆಯ ಎದುರಿಗೇ.

ಫೋನಿಟ್ಟು ಅವ್ವ ನಗತೊಡಗಿದಳು. “ನಾನು ಹೋಗಿ ಬಿಡಿಸ್ಕಂಡು ಬರ್ಲಾ ದೊಡ್ಡವ್ವ?” ಎಂದು ಭೂಷಣ ಕೇಳಿದ.

“ಬ್ಯಾಡಪ್ಪ,” ಎಂದಳು ಅವ್ವ, “ನೀನು ಹೋದ್ರೆ ನಿಂಗೂ ಬಸ್ಸು ತಪ್ಪುತೈತೆ.”