ಮಗ್ಗದ ಕುಣಿ ಮುಚ್ಚಿ ಕೊಟ್ಟವರು

ಹೋದ ತಿಂಗಳು ನಮ್ಮ ಓಣಿಯ ಮಹಿಳಾ ಮಂಡಳದ ವಾರ್ಷಿಕೋತ್ಸವ ಇತ್ತು. ಹಳೆಯ ಕಾರ್ಯದರ್ಶಿ ಎಂದು ನನ್ನನ್ನೂ ಕರೆದು, ಶಾಲು ಹೊದಿಸಿ, ನೆನಪಿನ ಕಾಣಿಕೆ ಕೊಟ್ಟರು. ಮನೆಗೆ ಬಂದು ಬಣ್ಣದ ಕಾಗದ ಬಿಚ್ಚಿದೆ. ಒಳಗೆ ಗೇಣುದ್ದದ ಕಟ್ಟಿಗೆಯ ರಾಟೆ. ವಾರ್ನಿಷ್ ಹಚ್ಚಿದ್ದರು, ಇನ್ನೂ ಅದರ ವಾಸನೆ ಹೋಗಿರಲಿಲ್ಲ. ತಿರುಗಿಸಿ ನೋಡಿದೆ, ತಿರುಗಲಿಲ್ಲ. ಚಕ್ರವನ್ನು ಅಂಟು ಹಾಕಿ ಕೂಡಿಸಿದ್ದರು. ನನಗೆ ಮೈಯೆಲ್ಲ ಉರಿದುಹೋಯಿತು. ಇಳಕಲ್ಲಿನಲ್ಲಿ ಯಾರು ಬೇಕಾದರೂ ಯಾರಿಗೆ ಬೇಕಾದರೂ ರಾಟೆಯ ಗೊಂಬೆ ಕೊಡಲಿ, ಈ ಮಂಡಳಕ್ಕೆ ಮಾತ್ರ ಆ ಹಕ್ಕಿಲ್ಲ. ಯಾಕಿಲ್ಲ ಎಂದು ಬಲ್ಲವರಲ್ಲಿ ಉಳಿದವಳು ಬಹುಶಃ ನಾನೊಬ್ಬಳೇ.

ನಮ್ಮ ಎದುರುಮನೆಯಲ್ಲಿ ಒಬ್ಬ ದೊಡ್ಡವ್ವ ಇದ್ದರು. ಸಂಬಂಧವೇನಲ್ಲ, ಓಣಿಯವರೆಲ್ಲ ಹಾಗೇ ಕರೆಯುತ್ತಿದ್ದೆವು. ಗಂಡ ನೇಕಾರ. ಮುಂದಿನ ಪಡಸಾಲೆಯಲ್ಲಿ ಅವರ ಕುಣಿಮಗ್ಗವಿತ್ತು. ನೆಲದಲ್ಲಿ ಕುಣಿ ತೋಡಿ, ಅದರೊಳಗೆ ಕಾಲು ಇಳಿಬಿಟ್ಟು ಕೂತು ನೇಯುವಂಥದ್ದು. ಗಂಡ ತೀರಿಕೊಂಡ ಮೇಲೆ ದೊಡ್ಡವ್ವ ಅದೇ ಕುಣಿಗೆ ತಾವು ಇಳಿದು, ಸೀರೆ ನೇಯ್ದು, ಇಬ್ಬರು ಹೆಣ್ಣುಮಕ್ಕಳ ಮದುವೆ ಮಾಡಿದ್ದರು. ಮೊಣಕಾಲು ಕೈಕೊಟ್ಟ ಮೇಲೆ ಮಗ್ಗ ಬಿಟ್ಟು, ಬೇರೆಯವರ ಮಗ್ಗಗಳಿಗೆ ರಾಟೆಯಲ್ಲಿ ಕಂಡಿಕೆ ಸುತ್ತಿಕೊಡುತ್ತಿದ್ದರು. ಲಾಳಿಯೊಳಗೆ ಕೂಡುವ ನೂಲಿನ ಸಣ್ಣ ಸುರುಳಿಯೇ ಕಂಡಿಕೆ. ಅದು ತೀರಿದರೆ ಮಗ್ಗ ನಿಲ್ಲುತ್ತದೆ, ಮಗ್ಗ ನಿಂತರೆ ಮನೆಯಲ್ಲಿ ಬೈಗುಳ ಶುರುವಾಗುತ್ತದೆ. ಹಾಗಾಗಿ ಓಣಿಯ ಅರ್ಧ ಹೆಂಗಸರು ದಿನವಿಡೀ ರಾಟೆಯ ಮುಂದಿನಿಂದ ಏಳುವಂತಿರಲಿಲ್ಲ.

ಮಂಡಳ ಎಂದರೆ ಆಗ ದೊಡ್ಡದೇನಲ್ಲ. ರವಿವಾರ ಮಧ್ಯಾಹ್ನ ಹದಿನೈದಿಪ್ಪತ್ತು ಜನ ಕೂಡುತ್ತಿದ್ದೆವು. ನಾಲ್ಕು ವಚನ ಹಾಡುವುದು, ಸೊಸೆಯರು ಅತ್ತೆಯರನ್ನು, ಅತ್ತೆಯರು ಸೊಸೆಯರನ್ನು ಆಡಿಕೊಂಡು ನಗುವುದು, ಯಾರಿಗೋ ಕಷ್ಟವೆಂದರೆ ಕೂತು ಕೇಳುವುದು. ನಾನು ಶಾಲೆಯ ಟೀಚರು, ಓಣಿಗೆಲ್ಲ ಅಕ್ಕೋರು, ಅಕ್ಷರ ದುಂಡಗಿತ್ತು, ಅದಕ್ಕೇ ಕಾರ್ಯದರ್ಶಿ ಮಾಡಿದ್ದರು. ರಾಟೆಯವರು ರಾಟೆಯನ್ನು ಬಗಲಲ್ಲಿಟ್ಟುಕೊಂಡೇ ಬರುತ್ತಿದ್ದರು. ಬಾಯಿ ಹಾಡುತ್ತಿತ್ತು, ಕೈ ಸುತ್ತುತ್ತಿತ್ತು. ಆ ಸದ್ದು ಈಗಲೂ ಒಮ್ಮೊಮ್ಮೆ...

ಕೂಡಲು ಮಾತ್ರ ಜಾಗವಿರಲಿಲ್ಲ. ಗುಡಿಯ ಪಡಸಾಲೆಯಲ್ಲಿ ಕೂತರೆ ಗಂಡಸರು ಬಂದು ನಿಲ್ಲುತ್ತಿದ್ದರು, ನಾವು ಏಳುತ್ತಿದ್ದೆವು. ಒಂದು ರವಿವಾರ ಹಾಗೇ, "ಏಳ್ರಿ ಏಳ್ರಿ, ನಾವು ಕುಂದ್ರೂದೈತಿ" ಎಂದು ಒಬ್ಬರು ಅವಸರ ಮಾಡಿದರು. ಎತ್ತುವ ಗಡಿಬಿಡಿಯಲ್ಲಿ ದೊಡ್ಡವ್ವನ ರಾಟೆ ಮಗುಚಿ, ಅರ್ಧ ದಿನದ ರೇಷ್ಮೆ ಸಿಕ್ಕುಸಿಕ್ಕಾಯಿತು. ದೊಡ್ಡವ್ವ ಆ ಸಿಕ್ಕನ್ನು ಉಡಿಯಲ್ಲಿ ಹಾಕಿಕೊಂಡು ಎದ್ದರು.

"ನಡೀರಿ ನಮ್ಮನಿಗೆ. ಅಲ್ಲಿ ಎಬ್ಬಸವ್ರು ಯಾರೂ ಇಲ್ಲ."

ಹೋದೆವು. ಆದರೆ ಪಡಸಾಲೆಯ ನಡುವೆ ಮಗ್ಗದ ಕುಣಿ. ಬಾವಿಯ ಸುತ್ತ ಕೂತಂತೆ ಅದರ ಸುತ್ತ ಕೂತೆವು. ಎರಡೇ ವಾರಕ್ಕೆ ಯಾರದೋ ಕೂಸು ಅಂಬೆಗಾಲಿಟ್ಟು ಹೋಗಿ ಅದರೊಳಗೆ ಬಿತ್ತು. ಪೆಟ್ಟೇನೂ ಆಗಲಿಲ್ಲ, ಗಾಬರಿ ಮಾತ್ರ. ಮುಂದಿನ ರವಿವಾರ ಹೋಗಿ ನೋಡಿದರೆ ಮಗ್ಗವೂ ಇಲ್ಲ, ಕುಣಿಯೂ ಇಲ್ಲ. ಮಣ್ಣು ಹಾಕಿಸಿ, ದಮ್ಮಸು ಹೊಡೆಸಿ, ಸಗಣಿಯಿಂದ ಸಾರಿಸಿಬಿಟ್ಟಿದ್ದರು. ಹಸಿ ಇನ್ನೂ ಆರಿರಲಿಲ್ಲ. ನಮಗೆ ಕಾಲಿಡಲು ಮನಸ್ಸಾಗಲಿಲ್ಲ, ಬಾಗಿಲಲ್ಲೇ ನಿಂತೆವು.

"ಸತ್ತವ್ರು ನೇಯಾಕ ಬರೂದಿಲ್ರಿ. ಇದ್ದವ್ರಾದ್ರೂ ಕುಂದರ್ಲಿ" ಎಂದರು ದೊಡ್ಡವ್ವ.

ವರ್ಷದ ನಂತರ ಆ ಪಡಸಾಲೆಯನ್ನೂ ಮುಂದಿನ ಅಂಗಳವನ್ನೂ ಮಂಡಳದ ಹೆಸರಿಗೇ ಬರೆದುಕೊಡುತ್ತೇನೆ ಎಂದರು. ತಮಗೆ ಹಿಂದಿನ ಎರಡು ಕೋಣೆ ಸಾಕಂತೆ. ಹೆಣ್ಣುಮಕ್ಕಳೂ ಒಪ್ಪಿ ಸಹಿ ಹಾಕಿದರು. ಹುನಗುಂದದ ನೋಂದಣಿ ಕಚೇರಿಗೆ ಬಸ್ಸಿನಲ್ಲಿ ಹೋದೆವು: ದೊಡ್ಡವ್ವ, ನಾನು, ಮತ್ತು ನಮ್ಮ ಅಧ್ಯಕ್ಷೆ. ಅಧ್ಯಕ್ಷೆ ಸೀರೆ ಅಂಗಡಿಯವರ ಸೊಸೆ. ದೊಡ್ಡವ್ವ ಸುತ್ತಿದ ಕಂಡಿಕೆ ಹೋಗುತ್ತಿದ್ದುದು ಆ ಅಂಗಡಿಯವರ ಮಗ್ಗಗಳಿಗೇ. ದಾರಿಗೆಂದು ದೊಡ್ಡವ್ವ ಕಟಕರೊಟ್ಟಿ, ಶೇಂಗಾ ಹಿಂಡಿ ಕಟ್ಟಿಕೊಂಡು ಬಂದಿದ್ದರು. ಪತ್ರ ಬರೆಯುವವನು ಎಲ್ಲ ಓದಿ ಹೇಳಿದ ಮೇಲೆ ಅವರು ಕೇಳಿದರು:

"ನಂದೊಂದು ಮಾತು ಐತ್ರಿ. ರಾಟಿ ತಂದು ಕುಂದ್ರವ್ರನ್ನ ಯಾವತ್ತೂ ಎಬ್ಬಸಬಾರ್ದು. ಅದನ್ನೂ ಬರೀರಿ."

ಪತ್ರ ಬರೆಯುವವನು ನಕ್ಕ. ಅಧ್ಯಕ್ಷೆಯೂ ನಕ್ಕು, "ಇಂಥಾವೆಲ್ಲ ಪತ್ರದಾಗ ಬರೀತಾರೇನು ದೊಡ್ಡವ್ವ" ಎಂದರು. ನನಗೆ ನಾಚಿಕೆಯಾಯಿತು. ಯಾರ ಬಗ್ಗೆ ನಾಚಿಕೆ? ದೊಡ್ಡವ್ವನ ಬಗ್ಗೆ. ಇದನ್ನು ಬರೆಯುವಾಗ ನನ್ನ ಕೆನ್ನೆಗೆ ನಾನೇ ಹೊಡೆದುಕೊಳ್ಳಬೇಕು ಎನ್ನಿಸುತ್ತದೆ. ಓದಿದವಳ ದೊಡ್ಡಸ್ತಿಕೆಯಲ್ಲಿ ನಾನು ಹೇಳಿದೆ: "ಬರೀದಿದ್ರ ಏನಾಗ್ತೈತಿ ದೊಡ್ಡವ್ವ, ನಾ ಇದ್ದೇನಲ್ಲ."

ಅವರು ನನ್ನ ಮುಖ ನೋಡಿದರು. "ಆತು ಬಿಡ್ರಿ, ಅಕ್ಕೋರ ಅದಾರ" ಎಂದು ಹೆಬ್ಬೆಟ್ಟು ಒತ್ತಿದರು.

ಆಮೇಲೆ ಮಂಡಳಕ್ಕೆ ಯೋಗ ಬಂತು. ಸ್ವಂತ ಜಾಗವಿದೆ ಎಂದಕೂಡಲೇ ದಾನಿಗಳು ಹುಟ್ಟಿಕೊಂಡರು. ಮಣ್ಣಿನ ಮಾಳಿಗೆ ಕೆಡವಿ ಆರ್‌ಸಿಸಿ ಕಟ್ಟಡ ಎದ್ದಿತು. ನೆಲಕ್ಕೆ ಬಿಳಿ ಟೈಲ್ಸ್, ಮೇಲೆ ಫ್ಯಾನು, ಗೋಡೆಗುಂಟ ಕುರ್ಚಿ. ಬಾಗಿಲ ಪಕ್ಕ ನಮ್ಮೂರ ಕೆಂಪು ಗ್ರಾನೈಟಿನ ಮೇಲೆ ಸ್ಥಳದಾನಿ ಎಂದು ದೊಡ್ಡವ್ವನ ಹೆಸರನ್ನೂ ಕೆತ್ತಿಸಿದೆವು, ಅದರಲ್ಲಿ ಮೋಸ ಮಾಡಲಿಲ್ಲ. ಉದ್ಘಾಟನೆಯಾಗಿ ಎರಡು ತಿಂಗಳಿಗೆ ಬಾಗಲಕೋಟೆಯಿಂದ ಒಬ್ಬ ಮೇಡಂ ಮಹಿಳಾ ಸಬಲೀಕರಣದ ಮೇಲೆ ಭಾಷಣಕ್ಕೆ ಬಂದರು. ಹಿಂದೆ ನೆಲದ ಮೇಲೆ ಕೂತ ಐದಾರು ಜನ ಎಂದಿನಂತೆ ರಾಟೆ ತಿರುಗಿಸುತ್ತಿದ್ದರು. ಭಾಷಣದವರು ಎರಡು ಸಲ ಮಾತು ನಿಲ್ಲಿಸಿ ಅತ್ತ ನೋಡಿದರು. ಅಧ್ಯಕ್ಷೆಯ ಮುಖ ಸಣ್ಣದಾಯಿತು.

ಮುಂದಿನ ಸಭೆಯಲ್ಲಿ ಠರಾವು ಬಂತು. ಸದ್ದಾಗುತ್ತದೆ, ಟೈಲ್ಸಿನ ಮೇಲೆ ಎಣ್ಣೆಯ ಕಲೆ ಬೀಳುತ್ತದೆ, ನೂಲಿನ ಚೂರು ಫ್ಯಾನಿಗೆ ಹಾರುತ್ತದೆ, ಆದ್ದರಿಂದ ಸಭಾಭವನದೊಳಗೆ ರಾಟೆ ತರಕೂಡದು. ನೇಕಾರರ ಊರಿನಲ್ಲಿ, ನೇಕಾರರ ಓಣಿಯಲ್ಲಿ, ಮಗ್ಗದ ಕುಣಿಯ ಮೇಲೆ ಕೂತು ನಾವು ಮಾಡಿದ ಠರಾವು ಅದು. ರಾಟೆಯವರು ಯಾರೂ ಆ ದಿನ ಬಂದಿರಲಿಲ್ಲ. ಕಮಿಟಿ ಸಭೆಗೆ ಅವರನ್ನು ಕರೆದಿರಲೇ ಇಲ್ಲ. ನಾನು ಇದ್ದೆ. ಬಾಯಿ ತೆರೆಯಲಿಲ್ಲ. ಅಧ್ಯಕ್ಷೆಯ ಮಾತಿಗೆ ಎದುರಾಡಿದರೆ ಕಾರ್ಯದರ್ಶಿ ಕೆಲಸ ಹೋಗುತ್ತದೆ ಎಂಬ ಪುಕ್ಕಲುತನ. ನನ್ನ ದುಂಡು ಅಕ್ಷರದಲ್ಲಿ ಪೂರ್ತಿ ಬರೆದು, ಕೆಳಗೆ ಸಹಿ ಮಾಡಿದೆ.

ಆ ರವಿವಾರ ದೊಡ್ಡವ್ವ ನಾಲ್ವರನ್ನು ಕರೆದುಕೊಂಡು ರಾಟೆ ಸಮೇತ ಬಂದರು. ಬಾಗಿಲಲ್ಲಿ ಕಮಿಟಿಯವರು ನನ್ನನ್ನು ನಿಲ್ಲಿಸಿದ್ದರು. ಹೇಳುವ ಕೆಲಸ ಕಾರ್ಯದರ್ಶಿಯದಂತೆ.

"ದೊಡ್ಡವ್ವ, ರಾಟಿ ಹೊರಗಿಟ್ಟು ಒಳಗ ಬರ್ರಿ. ಕಮಿಟ್ಯಾಗ ಹಂಗಂತ ಠರಾವು ಆಗೈತಿ."

"ಖಾಲಿ ಕೈಲೆ ಕುಂದ್ರಾಕ ನಮ್ಮನ್ನ ಯಾರು ಬಿಡ್ತಾರ್ರಿ ಅಕ್ಕೋರ?"

"ಒಂದ ತಾಸಿನ ಮಾತಲ್ಲೇನು..."

"ತಾಸಿಗೆ ಎಷ್ಟು ಕಂಡಿಕಿ ಆಗ್ತಾವು, ನಿಮಗ ಗೊತ್ತಿಲ್ಲೇನ್ರಿ?"

ನನಗೆ ಗೊತ್ತಿತ್ತು. ಕಂಡಿಕೆ ಕಡಿಮೆಯಾದರೆ ಕೇಳುವವರು ಯಾರೆಂದೂ ಗೊತ್ತಿತ್ತು, ಒಳಗೆ ಫ್ಯಾನಿನ ಕೆಳಗೆ ಕೂತಿದ್ದರು. ದೊಡ್ಡವ್ವ ಜಗಳ ತೆಗೆಯಲಿಲ್ಲ, ಹುನಗುಂದದಲ್ಲಿ ನಾನಾಡಿದ ಮಾತನ್ನು ಎತ್ತಲಿಲ್ಲ. ಜೊತೆಯವರಿಗೆ, "ನಡೀರಿ, ಹೊತ್ತಾಗ್ತೈತಿ" ಎಂದಷ್ಟೇ ಹೇಳಿ ತಿರುಗಿದರು. ಮತ್ತೆ ಆ ಹೊಸಿಲು ತುಳಿಯಲಿಲ್ಲ. ಉಳಿದ ನಾಲ್ವರೂ ಅಷ್ಟೇ.

ಅದಾದ ಮೇಲೆ ಮೂರು ವರ್ಷ ಬದುಕಿದ್ದರು. ದಿನವೂ ನಳದ ಹತ್ತಿರ ಸಿಗುತ್ತಿದ್ದರು. "ಊಟ ಆತೇನ್ರಿ ಅಕ್ಕೋರ" ಎಂದು ಎಂದಿನಂತೆ ಕೇಳುತ್ತಿದ್ದರು. ಒಂದು ಸಲವಾದರೂ ಬೈದಿದ್ದರೆ ನಾನೂ ಏನಾದರೂ ಹೇಳಿ ಹಗುರಾಗುತ್ತಿದ್ದೆ. ಬೈಯಲಿಲ್ಲ. ರವಿವಾರ ನಾವು ಮುಂದೆ ಹಾಡುತ್ತಿದ್ದರೆ, ಹಿಂದಿನ ಕೋಣೆಯಿಂದ ಅವರ ಒಂಟಿ ರಾಟೆಯ ಸದ್ದು ಗೋಡೆ ದಾಟಿ ಬರುತ್ತಿತ್ತು. ಅವರು ಹೋದ ದಿನ ಮಂಡಳದಿಂದ ದೊಡ್ಡ ಹಾರ ತಂದು ಹಾಕಿದೆವು. ಎರಡು ನಿಮಿಷ ಮೌನ ಆಚರಿಸಿದ್ದನ್ನೂ ನಾನೇ ನಡಾವಳಿಯಲ್ಲಿ ಬರೆದೆ.

ಈ ಸಲದ ಸಭೆಗೆ ಯಾರೂ ಕರೆಯದಿದ್ದರೂ ಹೋದೆ. ಈಗಿನ ಅಧ್ಯಕ್ಷೆ ಬ್ಯಾಂಕಿನಲ್ಲಿ ಕೆಲಸ ಮಾಡುವ ಹುಡುಗಿ. ಹಳೆಯ ಠರಾವು ಪುಸ್ತಕ ತೆಗೆಸಿ, ಆ ಪುಟ ತೋರಿಸಿ, ನಡೆದದ್ದನ್ನೆಲ್ಲ ಹೇಳಿದೆ. ದನಿ ಏರಿತ್ತು. ದೊಡ್ಡ ವಾದವಾಗುತ್ತದೆ ಎಂದು ತಯಾರಾಗಿಯೇ ಹೋಗಿದ್ದೆ.

"ಇದು ಇರೂದ ನಮಗ ಗೊತ್ತಿರ್ಲಿಲ್ರಿ ಅಕ್ಕೋರ. ಈಗ ಓಣ್ಯಾಗ ರಾಟಿ ತರವ್ರು ಯಾರದಾರ? ತಗದಬಿಡೂಣು" ಎಂದಳು ಆಕೆ. ಎಲ್ಲರೂ ಕೈ ಎತ್ತಿದರು. ನನ್ನ ಅಕ್ಷರಗಳ ಮೇಲೆ ಅಡ್ಡಗೆರೆ ಎಳೆದಳು, ಪಕ್ಕದಲ್ಲಿ ಸಹಿ ಹಾಕಿದಳು. ಹೇಳಿಕಳಿಸಿದ ಚಹಾ ಬರುವುದರೊಳಗೆ ಎಲ್ಲ ಮುಗಿದಿತ್ತು.

ಒಬ್ಬರೂ ಅಡ್ಡ ಬರಲಿಲ್ಲ. ದೊಡ್ಡವ್ವ ಬದುಕಿದ್ದಾಗಲೂ ಇದು ಇಷ್ಟೇ ಹೊತ್ತಿನ ಕೆಲಸವಾಗಿತ್ತೋ ಏನೋ... ನಾನು ಎದ್ದು ನಿಂತು ಕೇಳಲೇ ಇಲ್ಲ.